ಒರೆಸಿದ ಕೈಯ ಗುರುತು

ಗೇಣುದ್ದದ ಒಂದು ಉಗಿಬಂಡಿಯನ್ನು ಎರಡು ವರ್ಷ ಶ್ರಮಪಟ್ಟು ಕಟ್ಟಿ, ಅದಕ್ಕೆ ಬಣ್ಣ ಬಳಿದು, ಬಳಿದ ಬಣ್ಣದ ಮೇಲೆ ಮತ್ತೆ ಆರು ತಿಂಗಳ ಕಾಲ ಕೊಳೆಯನ್ನು ಬಳಿದು, ಅರಸೀಕೆರೆಯ ರೈಲ್ವೆ ವಸತಿಯಲ್ಲಿದ್ದ ನನ್ನ ಸೋದರಮಾವನವರ ಮುಂದೆ ತಂದಿಟ್ಟಾಗ, ಅವರು ಕನ್ನಡಕವನ್ನು ಪಂಚೆಯ ಸೆರಗಿನಿಂದ ಒರೆಸಿ ಹಾಕಿಕೊಂಡು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ಅತ್ತಿತ್ತ ತಿರುಗಿಸಿ ನೋಡಿ, ಕೊನೆಗೆ ಕೇಳಿದ್ದು ಒಂದೇ ಮಾತು: “ಇದಕ್ಕೆ ಡ್ರೈವರು ಅಂತ ಯಾರೂ ಇಲ್ವೇನೋ?”

ಆ ಪ್ರಶ್ನೆಯಲ್ಲಿ ನಿಂದೆಯಿರಲಿಲ್ಲ, ಪರಿಹಾಸ್ಯವೂ ಇರಲಿಲ್ಲ. ಜಾತ್ರೆಯಲ್ಲಿ ಒಂಟಿಯಾಗಿ ನಿಂತ ಮಗುವನ್ನು ಕಂಡವರು ‘ಇದರ ಕಡೆಯವರು ಯಾರು?’ ಎಂದು ವಿಚಾರಿಸುವ ಧ್ವನಿ ಅದು. ಹೊಗಳಿಕೆಯ ನಿರೀಕ್ಷೆಯಿಂದ ಹೋಗಿದ್ದ ನನಗೆ ಮುಖಭಂಗವಾದಂತಾಯಿತು. ಮಾವನವರು ಇಂಜಿನನ್ನು ನಡೆಸಬಲ್ಲರೇ ಹೊರತು ಕಲೆಯನ್ನು ಬಲ್ಲವರಲ್ಲ ಎಂದು ಮನಸ್ಸಿನಲ್ಲಿಯೇ ಸಮಾಧಾನ ಹೇಳಿಕೊಂಡೆನು. ಕಲೆ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟಷ್ಟೆ. ಎರಡನ್ನೂ ಅವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರೆಂಬುದು ತಿಳಿಯಲು ನನಗೆ ಮರುದಿನದ ಬೆಳಗಿನವರೆಗೆ ಕಾಯಬೇಕಾಯಿತು.

ಈ ಹುಚ್ಚು ನನಗೆ ಹಿಡಿದದ್ದು ಅರಸೀಕೆರೆಯಲ್ಲಲ್ಲ, ಇಂಗ್ಲೆಂಡಿನಲ್ಲಿ. 1969ರ ಚಳಿಗಾಲದ ಆರಂಭದಲ್ಲಿ ಉದ್ಯೋಗನಿಮಿತ್ತವಾಗಿ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೋದ ನಾನು, ಒಬ್ಬ ವೃದ್ಧರ ಮನೆಯ ಮಹಡಿಯಲ್ಲಿ ಕೊಠಡಿಯೊಂದನ್ನು ಬಾಡಿಗೆಗೆ ಹಿಡಿದೆನು. ಅವರು ಪತ್ನೀವಿಯೋಗವನ್ನು ಅನುಭವಿಸಿದವರು, ಮಿತಭಾಷಿಗಳು. ವಾರದ ಬಾಡಿಗೆಯನ್ನು ಶುಕ್ರವಾರ ಸಂಜೆ ಮೇಜಿನ ಮೇಲಿಟ್ಟರೆ, ‘ಥ್ಯಾಂಕ್ಸ್’ ಎಂಬ ಒಂದು ಮಾತಿನಲ್ಲಿ ಆ ವಾರದ ಸಂಭಾಷಣೆಯೆಲ್ಲ ಮುಗಿಯುತ್ತಿದ್ದಿತು. ಊಟವಾದ ಬಳಿಕ ಹಿತ್ತಲಿನ ಹಲಗೆಯ ಕೊಟ್ಟಡಿಯನ್ನು ಸೇರಿ ಬಾಗಿಲು ಮುಚ್ಚಿಕೊಂಡರೆ ರಾತ್ರಿ ಹತ್ತು ಹೊಡೆಯುವ ತನಕ ಅವರು ಹೊರಗೆ ಬರುತ್ತಿರಲಿಲ್ಲ. ಒಂದು ಸಂಜೆ ಮಾತಿಗೆ ಮಾತು ಬಂದು, ನನ್ನ ಸೋದರಮಾವನವರು ಉಗಿಬಂಡಿಯ ಡ್ರೈವರೆಂದು ಹೇಳಿದೆನು. ‘ಆಗಿದ್ದರೋ, ಆಗಿದ್ದಾರೋ?’ ಎಂದು ಅವರು ಕೇಳಿದರು. ‘ಆಗಿದ್ದಾರೆ, ಈ ಹೊತ್ತಿಗೆ ರಾತ್ರಿಯ ಗಾಡಿಯನ್ನು ಎಳೆದುಕೊಂಡು ಹೊರಟಿದ್ದರೂ ಹೊರಟಿರಬಹುದು’ ಎಂದೆನು. ಆ ದೇಶದ ರೈಲ್ವೆಯು ತನ್ನ ಕಟ್ಟಕಡೆಯ ಉಗಿಗಾಡಿಯನ್ನು 1968ರ ಆಗಸ್ಟ್ 11ರಂದು ಓಡಿಸಿ, ಮರುದಿನದಿಂದ ಮುಖ್ಯಮಾರ್ಗಗಳಲ್ಲಿ ಉಗಿಬಂಡಿಗಳ ಸಂಚಾರವನ್ನೇ ನಿಷೇಧಿಸಿದ್ದಿತೆಂಬ ಸಂಗತಿ ಆಗ ನನಗೆ ತಿಳಿಯದು. ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಎದ್ದು, ಗೋಡೆಯ ಮೊಳೆಯಿಂದ ಕೊಟ್ಟಡಿಯ ಬೀಗದಕೈಯನ್ನು ತೆಗೆದುಕೊಂಡರು.

ಒಳಗೆ ಹಲಗೆಯ ಮೇಲೆ ಸಾಲಾಗಿ ಇಂಜಿನುಗಳಿದ್ದವು. ಅಡಿಗೆ 4 ಮಿಲಿಮೀಟರಿನಂತೆ, ಅಂದರೆ ನಿಜದ ಎಪ್ಪತ್ತಾರನೆಯ ಒಂದು ಪಾಲಿನ ಪ್ರಮಾಣದಲ್ಲಿ ಮಾಡಿದವು. ಅವುಗಳಲ್ಲೊಂದನ್ನು ಅವರು ನನ್ನ ಅಂಗೈಯಲ್ಲಿಟ್ಟರು. ‘ಬ್ಲಾಕ್ ಫೈವ್’ ಎಂದು ಅಲ್ಲಿಯ ಜನ ಪ್ರೀತಿಯಿಂದ ಕರೆಯುವ, 1934ರಿಂದ ಮೊದಲ್ಗೊಂಡು ಒಟ್ಟು 842ರಷ್ಟು ತಯಾರಾದ, ಯಾವ ಕೆಲಸಕ್ಕೂ ಒಲ್ಲೆನೆನ್ನದ ಎತ್ತಿನಂತಹ ಇಂಜಿನು ಅದು. ಮೈತುಂಬ ಧೂಳು ಕವಿದಿದ್ದುದನ್ನು ಕಂಡು, ಬಹುಕಾಲ ಮುಟ್ಟದೆ ಇಟ್ಟದ್ದಿರಬೇಕೆಂದು ಬಗೆದು, ಸೌಜನ್ಯಕ್ಕಾಗಿ ನಾನದನ್ನು ಬಾಯಿಂದ ಊದಿದೆನು. ಧೂಳು ಹಾರಲಿಲ್ಲ. ಇನ್ನೊಮ್ಮೆ ಬಲವಾಗಿ ಊದಿದೆನು. ಆ ಮನೆಯಲ್ಲಿ ನಾನಿದ್ದ ನಾಲ್ಕು ವರ್ಷಗಳಲ್ಲಿ ಅವರು ಗಟ್ಟಿಯಾಗಿ ನಕ್ಕಿದ್ದು ಅದೊಂದು ಬಾರಿ.

ಅವರು ಆಮೇಲೆ ವಿವರಿಸಿದರು. ಯುದ್ಧಾನಂತರದ ವರ್ಷಗಳಲ್ಲಿ, ಕಾರ್ಖಾನೆಗಳಲ್ಲಿ ಹೆಚ್ಚು ಸಂಬಳ ದೊರೆಯುತ್ತಿದ್ದುದರಿಂದ, ಇಂಜಿನುಗಳನ್ನು ತೊಳೆದು ಒರೆಸುವ ಕೆಲಸಕ್ಕೆ ಹುಡುಗರು ಬರುವುದು ಕಡಿಮೆಯಾಯಿತು; ಹೇಗೂ ಕೆಲವೇ ವರ್ಷಗಳಲ್ಲಿ ಗುಜರಿಗೆ ಹೋಗತಕ್ಕವೆಂದು ಮೇಲಿನವರೂ ಅವುಗಳ ಕಡೆ ಕಣ್ಣೆತ್ತಿ ನೋಡದಾದರು. ಕೊನೆಕೊನೆಗೆ ಇಂಜಿನಿನ ಸಂಖ್ಯೆಯನ್ನು ಓದುವುದಕ್ಕಾಗಿ ಯಾರೋ ಚಿಂದಿಯಿಂದ ಒರೆಸಿದ ಒಂದು ಗೇಣಗಲದ ಜಾಗವನ್ನು ಬಿಟ್ಟರೆ ಉಳಿದ ಮೈಯೆಲ್ಲ ಮಸಿ, ಬೂದಿ, ಸುಣ್ಣದ ಕರೆ, ತುಕ್ಕು. ಆ ವೃದ್ಧರು ಮಾಡುತ್ತಿದ್ದುದು ಈ ಅಂತ್ಯಕಾಲದ ಚಿತ್ರವನ್ನು. ಅಂಗಡಿಯಿಂದ ಬಂದ ಹೊಳೆಯುವ ಮಾದರಿಯನ್ನು ತೋರಿಸಿ, ‘ಇದು ಆಟದ ಸಾಮಾನು, ಇದರ ಮೇಲೆ ಒಂದು ದಿನವೂ ಮಳೆ ಬಿದ್ದಿಲ್ಲ’ ಎನ್ನುವರು.

ಅವರು ನನಗೆ ಮೊದಲು ಕಲಿಸಿದ್ದು ಬಣ್ಣ ಬಳಿಯುವುದನ್ನಲ್ಲ; ಕಪ್ಪನ್ನು ನೋಡುವುದನ್ನು. ಮಾದರಿಯನ್ನು 3 ಅಡಿಗಳ ದೂರದಿಂದ ನೋಡುವುದೆಂದರೆ ನಿಜವಾದ ಇಂಜಿನನ್ನು 76 ಗಜಗಳ ಆಚೆಯಿಂದ ನೋಡಿದಂತೆ; ಅಷ್ಟು ದೂರದ ಗಾಳಿ ಬೆಳಕುಗಳು ನಡುವೆ ನಿಂತು ಯಾವ ಕಪ್ಪನ್ನೂ ಅಚ್ಚಕಪ್ಪಾಗಿ ಉಳಿಯಗೊಡುವುದಿಲ್ಲ. ಆದ್ದರಿಂದ ಡಬ್ಬಿಯಿಂದ ತೆಗೆದ ಕಪ್ಪನ್ನು ಹಾಗೆಯೇ ಬಳಿದರೆ ಇಂಜಿನು ಇಂಜಿನಿನ ನೆರಳಿನಂತೆ ಕಾಣುವುದು. ರಿವೆಟ್ಟುಗಳು, ಪಟ್ಟಿಗಳು, ಕೊಳವೆಗಳೆಲ್ಲ ಅದರಲ್ಲಿ ಮುಳುಗಿಹೋಗುವುವು. ಹಲ್ ಪಟ್ಟಣದಲ್ಲಿ ಆಗ ತಯಾರಾಗುತ್ತಿದ್ದ ಹಂಬ್ರಾಲ್ ಎಂಬ ಎನಾಮಲ್ ಬಣ್ಣದ ಪುಟ್ಟ ಡಬ್ಬಿಗಳು ಅವರಲ್ಲಿದ್ದವು. 33ನೆಯ ಸಂಖ್ಯೆಯ ಹೊಳಪಿಲ್ಲದ ಕಪ್ಪಿಗೆ ಅವರು ಬೂದುಬಣ್ಣವನ್ನು ನಾಲ್ಕು ಹನಿ, ಕಂದನ್ನು ಎರಡು ಹನಿ ಬೆರೆಸುವರು. ಬಾಯ್ಲರಿಗೆ ಶಾಖವನ್ನು ಕಾಯುವ ಹೊದಿಕೆಯಿರುವುದರಿಂದ ಅದರ ಬಣ್ಣ ಉಳಿದೀತು. ಆದರೆ ಮುಂದಿನ ಹೊಗೆಪೆಟ್ಟಿಗೆಗೆ ಅಂತಹ ಹೊದಿಕೆಯಿಲ್ಲವಾಗಿ ಅದರ ಬಣ್ಣ ಕಾದು ಸುಟ್ಟು ಬೂದುಗಪ್ಪಾಗುವುದು. ಹೀಗೆ ಒಂದೇ ಇಂಜಿನಿನಲ್ಲಿ ಐದಾರು ಕಪ್ಪುಗಳು.

ಅವರ ಎರಡನೆಯ ಪಾಠ, ಕಾರಣವಿಲ್ಲದ ಕೊಳೆ ಇಂಜಿನಿನ ಮೇಲೆ ಇರಕೂಡದೆಂಬುದು. ಮೇಲಿನಿಂದ ಬೀಳುವುದು ಮಸಿ. ಅದು ಬಾಯ್ಲರಿನ ಬೆನ್ನಿನ ಮೇಲೂ ಚಾವಣಿಯ ಮೇಲೂ ಕೂರತಕ್ಕದ್ದು, ಪಕ್ಕಗಳಲ್ಲಿ ಮಳೆಯೊಡನೆ ಇಳಿಯತಕ್ಕದ್ದು. ಕೆಳಗಿನಿಂದ ಏಳುವುದು ಹಳಿಯ ಧೂಳು. ಅದನ್ನು ಗಾಲಿ ಎರಚುತ್ತದೆ. ಬ್ರೇಕಿನ ಕಟ್ಟೆ ಗಾಲಿಯನ್ನು ಉಜ್ಜಿದಾಗ ಉದುರುವ ಕಬ್ಬಿಣದ ಹುಡಿ ಮಳೆಗೆ ತುಕ್ಕಾಗಿ, ಕಂದುಕೆಂಪಾಗಿ ಅಡಿಯ ಭಾಗವನ್ನೆಲ್ಲ ಬಳಸಿಕೊಳ್ಳುತ್ತದೆ. ಬಾಯ್ಲರನ್ನು ತೊಳೆಯುವಾಗ ತೆಗೆದು ಹಾಕುವ ಬಿರಡೆಗಳ ಸಂದಿಯಿಂದಲೂ, ಉಗಿಯ ಕವಾಟದ ಸುತ್ತಿನಿಂದಲೂ ಗಡಸು ನೀರು ಜಿನುಗಿ, ನೀರು ಆರಿದ ಮೇಲೆ ಬಿಳಿಯ ಗೆರೆಗಳನ್ನು ಉಳಿಸುತ್ತದೆ. ರಾಡುಗಳ ಕೀಲುಗಳಲ್ಲಿ ಎಣ್ಣೆ. ಎಣ್ಣೆಯಿದ್ದಲ್ಲಿ ಹೊಳಪು, ಧೂಳಿದ್ದಲ್ಲಿ ಹೊಳಪಿನ ಅಭಾವ. ಬಣ್ಣಕ್ಕಿಂತ ಹೆಚ್ಚಾಗಿ ಈ ಹೊಳಪು ಮತ್ತು ಮಾಸಲುಗಳ ಭೇದವೇ ಕಣ್ಣನ್ನು ನಂಬಿಸುವುದೆಂದು ಅವರು ಹೇಳಿದುದನ್ನು ನಾನು ಅಂದು ಅಷ್ಟಾಗಿ ಲಕ್ಷಿಸಲಿಲ್ಲ.

ಕೈಕೆಲಸ ಬಂದದ್ದು ನಿಧಾನವಾಗಿ. ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರುಮಜ್ಜಿಗೆಗಿಂತಲೂ ತೆಳ್ಳಗೆ ಕದಡಿ ಹಾಯಿಸಿದರೆ, ಅದು ತಾನಾಗಿಯೇ ಮೂಲೆಗಳನ್ನು ಹುಡುಕಿಕೊಂಡು ಹೋಗಿ ಪ್ರತಿಯೊಂದು ರಿವೆಟ್ಟಿನ ಬುಡದಲ್ಲಿಯೂ ಉಂಗುರದಂತೆ ನಿಲ್ಲುವುದು. ಹೆಚ್ಚಾದುದನ್ನು ಮೇಲಿನಿಂದ ಕೆಳಕ್ಕೆ, ಮಳೆ ಇಳಿಯುವ ದಿಕ್ಕಿನಲ್ಲಿಯೇ, ಕುಂಚದಿಂದ ಎಳೆದು ತೆಗೆಯಬೇಕು. ಇದು ಸುಲಭ. ಕಷ್ಟವಾದದ್ದು ಒಣಕುಂಚದ ಕೆಲಸ. ಕುಂಚವನ್ನು ಬಣ್ಣದಲ್ಲಿ ಅದ್ದಿ, ಅದ್ದಿದುದನ್ನೆಲ್ಲ ಕಾಗದದ ಮೇಲೆ ಒರೆಸಿ, ಒರೆಸಿ, ಇನ್ನು ಇದರಲ್ಲಿ ಬಣ್ಣವೇ ಇಲ್ಲವೆಂದು ತೋರಿದ ಮೇಲೆ ಮಾದರಿಯನ್ನು ಮುಟ್ಟಬೇಕು. ಮುಟ್ಟಿಯೂ ಮುಟ್ಟದಂತೆ ಸವರಬೇಕು. ಏಣಿಯ ಅಂಚು, ಪಟ್ಟಿಯ ಏಣು, ಮೊಳೆಯ ನೆತ್ತಿ, ಹೀಗೆ ಉಬ್ಬಿದುದಷ್ಟೇ ಆಗ ಬೆಳಕನ್ನು ಹಿಡಿದುಕೊಂಡು ಮೇಲಕ್ಕೆ ಬರುವುದು. ನಾನು ಮೊದಲ ಸಲ ಮಾಡಿದಾಗ ಕುಂಚದಲ್ಲಿ ಬಣ್ಣ ಉಳಿದಿದ್ದು, ಇಂಜಿನಿನ ಪಾರ್ಶ್ವಕ್ಕೆ ಸುಣ್ಣ ಬಳಿದಂತಾಯಿತು. ವೃದ್ಧರು ಏನೂ ಹೇಳದೆ ಇನ್ನೊಂದು ಹಾಳೆ ಕಾಗದವನ್ನು ನನ್ನ ಮುಂದೆ ಇಟ್ಟರು.

ಒಂದು ಭಾನುವಾರ ಅವರು ನನ್ನನ್ನು ಆಕ್ಸ್‌ಫರ್ಡ್ ಪ್ರಾಂತದ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯ ಪೆಂಡನ್ ಸಂಗ್ರಹಾಲಯಕ್ಕೆ ಕರೆದೊಯ್ದರು. ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬವರು, ತಾವು ಕಂಡು ಮೆಚ್ಚಿದ ಹುಲ್ಲುಮಾಡಿನ ಹಳ್ಳಿಗಳು ಕಣ್ಣೆದುರಿಗೇ ಬದಲಾಗುತ್ತಿರುವುದನ್ನು ನೋಡಲಾರದೆ, 1930ರ ಸುಮಾರಿನಲ್ಲಿ ಆ ಹಳ್ಳಿಗಳಿದ್ದ ಕಣಿವೆಯನ್ನು ಮನೆಮನೆಯಾಗಿ ಅಳೆದು ಕಿರಿದಾಗಿಸಿ ಉಳಿಸಲು ತೊಡಗಿ, 1954ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಜಾನ್ ಅಹರ್ನ್ ಎಂಬವರು ಕಟ್ಟಿದ ‘ಮ್ಯಾಡರ್ ವ್ಯಾಲಿ’ ಎಂಬ ಕಲ್ಪಿತ ರೈಲುಮಾರ್ಗವೂ ಅವರ ಮರಣಾನಂತರ ಅಲ್ಲಿಗೇ ಬಂದು ಸೇರಿದೆ. ಮಾದರಿಗಳೂ ಬಿಸಿಲು ಮಳೆಗಳಲ್ಲಿ ಬದುಕಿದವುಗಳಂತೆ ಕಾಣಬೇಕೆಂದು ಮೊಟ್ಟಮೊದಲಿಗೆ ಹಟ ಹಿಡಿದವರಲ್ಲಿ ಅಹರ್ನ್ ಒಬ್ಬರು. ನಮ್ಮ ವೃದ್ಧರು ಅದರ ಮುಂದೆ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ರೀತಿಯನ್ನು ನೋಡಿ, ನಾನೂ ಅಪ್ರಯತ್ನವಾಗಿ ಕೈಕಟ್ಟಿಕೊಂಡು ನಿಂತೆನು.

1973ರಲ್ಲಿ ನಾನು ಬೆಂಗಳೂರಿಗೆ ಹಿಂದಿರುಗಿದಾಗ ನನ್ನ ಪೆಟ್ಟಿಗೆಯಲ್ಲಿ ಇಪ್ಪತ್ತು ಡಬ್ಬಿ ಬಣ್ಣ, ಒಂದು ಸಣ್ಣ ಸಿಂಪಡಿಕೆಯ ಪೆನ್ನು, 12 ಮಿಲಿಮೀಟರು ಹಳಿಗೆ ಹೊಂದುವ ಹಳೆಯ ಯಂತ್ರಾಂಗ ಇವಿಷ್ಟು ಇದ್ದವು. ಯಾವ ಇಂಜಿನನ್ನು ಕಟ್ಟಬೇಕೆಂಬ ವಿಷಯದಲ್ಲಿ ಸಂದೇಹವಿರಲಿಲ್ಲ. ಮಾವನವರ ಇಂಜಿನು ವೈಪಿ ವರ್ಗದ್ದು. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. ಮೀಟರ್ ಗೇಜಿನ ಪ್ರಯಾಣಿಕರ ಗಾಡಿಗಳಿಗಾಗಿ 1949ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಮೊದಲ 20 ಬಂದು, ಅನಂತರ ಸ್ಕಾಟ್ಲೆಂಡು ಜರ್ಮನಿಗಳಿಂದಲೂ, ಕೊನೆಗೆ ಜಮ್‌ಶೆಡ್‌ಪುರದ ಟೆಲ್ಕೊದಿಂದಲೂ ತಯಾರಾಗಿ, 1970ರ ವೇಳೆಗೆ ಒಟ್ಟು 871 ಆದುವು. ನಿಜದ ಎಂಬತ್ತೇಳನೆಯ ಒಂದು ಪಾಲಿಗೆ ಇಳಿಸಿದರೆ ಇದರ 4 ಅಡಿ 6 ಅಂಗುಲದ ಗಾಲಿ 16 ಮಿಲಿಮೀಟರಿಗೂ ಸ್ವಲ್ಪ ಕಡಿಮೆಯಾಗುತ್ತದೆ. ಕಲ್ಲಿದ್ದಲು ತುಂಬುವ ಟೆಂಡರು ಸೇರಿ ಇಂಜಿನು ಸರಿಯಾಗಿ ನನ್ನ ಒಂದು ಗೇಣು.

ಪೇಟೆಯಲ್ಲಿ ತೂಕದ ಲೆಕ್ಕದಿಂದ ಕೊಂಡ ಹಿತ್ತಾಳೆಯ ತಗಡನ್ನು ಕತ್ತರಿಸಿ, ಬಾಗಿಸಿ, ಬೆಸೆದು ಒಡಲನ್ನು ಕಟ್ಟಿದ ವೃತ್ತಾಂತವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬೆಸುಗೆಯಾದ ಮೇಲೆ ಅದರ ಮೈಮೇಲಿನ ಜಿಡ್ಡನ್ನೂ ಕಿಲುಬನ್ನೂ ಕೂದಲೆಳೆಯಷ್ಟೂ ಉಳಿಯದಂತೆ ತೆಗೆಯಬೇಕು. ಇಲ್ಲವಾದರೆ ಬಣ್ಣ ಹಿಡಿಯದೆ ಹಕ್ಕಳೆಯೇಳುವುದು. ಇಂಗ್ಲೆಂಡಿನಲ್ಲಿ ಅದಕ್ಕಾಗಿ ಸೀಸೆಯಲ್ಲಿ ಬರುವ ಆಮ್ಲವೊಂದನ್ನು ಬಳಸುತ್ತಿದ್ದರು. ನಾನು ಅದು ಎಲ್ಲಿ ದೊರೆತೀತೆಂದು ಚಿಂತಿಸುತ್ತ ಕುಳಿತಿದ್ದಾಗ ನನ್ನ ಹೆಂಡತಿ, ‘ಹಿತ್ತಾಳೆ ತಾನೇ?’ ಎಂದು, ನೆನೆಹಾಕಿದ ಹುಣಸೆಹಣ್ಣಿನ ಹಿಂಡಿಯನ್ನು ತಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಇಂಜಿನು ನಂದಾದೀಪದಂತೆ ಬೆಳಗಿತು. ಅದಕ್ಕೆ ಪ್ರತಿಫಲವಾಗಿ ನಾನು ಮಾಡಿದ್ದೇನೆಂದರೆ, ಮಾವನವರು ಟೆಂಡರಿನಿಂದ ಆರಿಸಿ ಕಾಗದದಲ್ಲಿ ಸುತ್ತಿ ಕಳುಹಿಸಿದ್ದ ಕಲ್ಲಿದ್ದಲಿನ ಹೆಂಟೆಯೊಂದನ್ನು ಆಕೆಯ ಏಲಕ್ಕಿಯ ಕುಟ್ಟಾಣಿಯಲ್ಲಿ ಪುಡಿಮಾಡಿದ್ದು. ಮುಷ್ಟಿಗಾತ್ರದ ಕಲ್ಲಿದ್ದಲು ಈ ಪ್ರಮಾಣದಲ್ಲಿ ಸಾಸಿವೆಗಿಂತಲೂ ಚಿಕ್ಕದು. ಚಹಾ ಸೋಸುವ ಜಾಲರಿಯಲ್ಲಿ ಉಳಿದದ್ದು ಟೆಂಡರಿಗೆ, ಕೆಳಗೆ ಬಿದ್ದ ಹುಡಿ ಕೊಳೆಗೆ. ಮುಂದಿನ ಹಬ್ಬದ ಪಾಯಸದ ವಿಷಯದಲ್ಲಿ ಮನೆಯಲ್ಲಿ ನಡೆದ ಮಾತುಕತೆಯನ್ನು ಬರೆಯದಿರುವುದೇ ಲೇಸು.

ಬಣ್ಣ ಸಿಂಪಡಿಸುವುದಕ್ಕೆ ಬೇಕಾದ ಗಾಳಿಯನ್ನು ಕಾರಿನ ಹಳೆಯ ಟ್ಯೂಬಿನಲ್ಲಿ ಪಂಪಿನಿಂದ ತುಂಬಿಟ್ಟುಕೊಳ್ಳುತ್ತಿದ್ದೆನು. ಒಂದು ಪದರಕ್ಕೆ ಎರಡು ಸಲ ತುಂಬಬೇಕು. ಕಪ್ಪು ಚೆನ್ನಾಗಿಯೇ ಕೂತಿತು. ಮುಂದಿನ ತೊಲೆಗೆ ಕೆಂಪು, ಅದರ ನಡುವೆ ಒಂಟಿ ಬಫರು. ಎಲ್ಲಕ್ಕೂ ಮೇಲೆ ಹೊಳಪನ್ನು ಅಡಗಿಸುವ ವಾರ್ನಿಷನ್ನು ಹೊಡೆಯುವ ಉತ್ಸಾಹದಲ್ಲಿ, ಅದು ಆಷಾಢವೆಂಬುದನ್ನೂ ಹೊರಗೆ ಸೋನೆ ಹಿಡಿದಿದೆಯೆಂಬುದನ್ನೂ ಮರೆತೆನು. ಥಿನ್ನರು ಬೇಗಬೇಗನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವವೆಲ್ಲ ಅಲ್ಲಿ ಬಂದು ಕೂರುವುದು. ಅದು ಒಳಗೇ ಸಿಕ್ಕಿಕೊಂಡರೆ ಮುಗಿಯಿತು. ಕಣ್ಣೆದುರಿಗೇ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ, ನನ್ನ ಇಂಜಿನಿಗೆ ಕಣ್ಣಿನ ಪೊರೆಯಂತೆ ಬೆಳ್ಳಗೆ ಮಂಜು ಕವಿಯಿತು. ಹಿತ್ತಾಳೆಯವರೆಗೂ ಎಲ್ಲವನ್ನೂ ಕರಗಿಸಿ ತೆಗೆದು ಮೊದಲಿನಿಂದ ಆರಂಭಿಸಿದೆನು, ಇನ್ನೊಮ್ಮೆ ಹುಣಸೆಹಣ್ಣು.

ಹೀಗೆ ಎರಡು ಸಲ ಹುಟ್ಟಿದ ಇಂಜಿನಿಗೆ ನಾನು ಬರ್ಮಿಂಗ್‌ಹ್ಯಾಮಿನ ಕೊಟ್ಟಡಿಯಲ್ಲಿ ಕಲಿತುದೆಲ್ಲವನ್ನೂ ಅಕ್ಷರಶಃ ಪ್ರಯೋಗಿಸಿದೆನು. ಅರಸೀಕೆರೆಯ ಯಾರ್ಡಿನ ಕೆಮ್ಮಣ್ಣನ್ನು ತರಿಸಿ, ತೆಳುಬಟ್ಟೆಯಲ್ಲಿ ಜಾಲಿಸಿ, ಗಾಲಿಗಳಿಗೆ ಪೂಸಿದೆನು. ಬಾಯ್ಲರಿನ ಉದ್ದಕ್ಕೂ ಸುಣ್ಣದ ಗೆರೆಗಳನ್ನು ಇಳಿಸಿದೆನು. ಸಿಲಿಂಡರಿನ ಮೇಲೆ ಎಣ್ಣೆಯನ್ನು ಹರಿಸಿದೆನು. ಚಾವಣಿಗೆ ಮಸಿ, ಟೆಂಡರಿಗೆ ತುಕ್ಕು. ಸಂಖ್ಯೆಯಿದ್ದ ಫಲಕವನ್ನು ಮಾತ್ರ ಒಂದು ಗೇಣಗಲದಷ್ಟು, ಆ ಪ್ರಮಾಣದ ಗೇಣಗಲದಷ್ಟು, ಒರೆಸಿದೆನು. 1976ರ ಬೇಸಗೆಯಲ್ಲಿ ಅದನ್ನು ಹತ್ತಿಯಲ್ಲಿ ಸುತ್ತಿ ಅರಸೀಕೆರೆಗೆ ಕೊಂಡೊಯ್ದದ್ದೂ, ಮಾವನವರು ಆ ಮಾತನ್ನು ಕೇಳಿದ್ದೂ ಆಗಲೇ.

ಅವರು 1943ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಗೆ ಕ್ಲೀನರಾಗಿ ಸೇರಿದವರು. 1951ರ ಏಪ್ರಿಲ್ 14ರಂದು ಆ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾದಾಗ ಅವರು ಫೈರ್‌ಮನ್. ಆಮೇಲೆ ಶಂಟರು, ಆಮೇಲೆ ಡ್ರೈವರು. ಎಂತಹ ರಾತ್ರಿ ಪಾಳಿ ಮುಗಿಸಿ ಬಂದರೂ ಇಂಜಿನಿನಿಂದ ಇಳಿಯುವ ಮುಂಚೆ ಕೈಯಲ್ಲಿದ್ದ ವೇಸ್ಟಿನಿಂದ, ಅಂದರೆ ಒರೆಸುವ ಹತ್ತಿನೂಲಿನ ಉಂಡೆಯಿಂದ, ಹಿಡಿಕಂಬಿಯನ್ನೊಮ್ಮೆ ಒರೆಸಿಯೇ ಇಳಿಯುವವರು. ಮರುದಿನ ಬೆಳಗ್ಗೆ, ನನ್ನ ಮುಖ ಬಾಡಿದ್ದುದನ್ನು ಅತ್ತೆಯವರು ಸೂಚಿಸಿದರೋ ಏನೋ, ‘ಬಾರೋ, ಶೆಡ್ಡಿಗೆ ಹೋಗಿ ಬರೋಣ’ ಎಂದು ಕರೆದರು.

ಬೂದಿಗುಂಡಿಯ ಆಚೆ ಒಂದು ವೈಪಿ ನಿಂತಿತ್ತು. ಹಿಂದಿನ ಸಂಜೆ ಗಾಡಿ ತಂದದ್ದು. ಮಾವನವರು ನನಗೆ ಏನನ್ನೂ ಉಪದೇಶಿಸಲಿಲ್ಲ. ಇಂಜಿನಿನ ಪಕ್ಕದ ಓಡಾಡುವ ಹಲಗೆಯ ಮೇಲೆ ಹತ್ತಿ ನಿಂತು, ಬಾಯ್ಲರಿನ ಮೇಲೆ ಬಲಗೈಯನ್ನು ಚಾಚಿ, ಬೆರಳ ತುದಿ ಎಲ್ಲಿಗೆ ಮುಟ್ಟಿತೋ ಅಲ್ಲಿ ತಟ್ಟಿದರು. “ನೋಡು, ಹುಡುಗರ ಕೈ ಇಲ್ಲೀತನಕ ಹೋಗುತ್ತೆ. ಇದರ ಮೇಲಿಂದನ್ನ ಮಳೆ ನೋಡ್ಕೊಳ್ಳುತ್ತೆ.” ನಾನು ಹಿಂದಕ್ಕೆ ಸರಿದು ನೋಡಿದೆನು. ಕೆರೆಯ ಏರಿಯ ಮೇಲೆ ಹಿಂದಿನ ವರ್ಷದ ನೀರಿನ ಮಟ್ಟ ಗುರುತು ಬಿಟ್ಟಿರುವಂತೆ, ಬಾಯ್ಲರಿನ ಉದ್ದಕ್ಕೂ ಒಂದು ಗೆರೆಯಿದ್ದಿತು. ಅದರ ಕೆಳಗೆ ಎಣ್ಣೆಯ ಕೈ ಓಡಾಡಿದ ಕಪ್ಪು ಮಿನುಗು. ಅದರ ಮೇಲೆ ಮಸಿಯ ಮಂಕು. ಇಷ್ಟು ವರ್ಷ ಆ ಇಂಜಿನುಗಳನ್ನು ನೋಡಿದ್ದೆನು, ಛಾಯಾಚಿತ್ರಗಳನ್ನು ತೆಗೆದಿದ್ದೆನು. ಆ ಗೆರೆಯನ್ನು ಮಾತ್ರ ಕಂಡಿರಲಿಲ್ಲ.

ಒಂದನ್ನು ಕಂಡ ಮೇಲೆ ಉಳಿದವು ತಾವಾಗಿಯೇ ಕಾಣತೊಡಗಿದುವು. ಹತ್ತುವ ಮೆಟ್ಟಿಲಿನ ನಡುವಂಚು ಸವೆದು ಉಕ್ಕು ಬೆಳ್ಳಗಾಗಿದೆ, ಎರಡು ತುದಿಗಳಲ್ಲಿ ಮಾತ್ರ ಕೆಮ್ಮಣ್ಣು ಉಳಿದಿದೆ. ಹಿಡಿಕಂಬಿ ಎದೆಯ ಮಟ್ಟದಲ್ಲಿ ಕನ್ನಡಿ, ಅದಕ್ಕಿಂತ ಮೇಲೆ ಕರಿ. ಡ್ರೈವರು ಕೂರುವ ಕಡೆಯ ಕಿಟಕಿಯ ಅಂಚಿನಲ್ಲಿ ಮೊಣಕೈ ಊರಿ ಊರಿ ಬಣ್ಣ ಹೋಗಿ, ತಗಡು ನುಣುಪಾಗಿದೆ. ಎಣ್ಣೆ ಬಿಡುವ ಬಟ್ಟಲುಗಳ ಸುತ್ತ ಜಿಡ್ಡು ಹರಿದಿಲ್ಲ. ಒರೆಸಿದ ಗುರುತು ಸುತ್ತುಸುತ್ತಾಗಿ, ನೆಲ ಸಾರಿಸಿದಂತೆ ಬಿದ್ದಿದೆ. ಹಿತ್ತಾಳೆಯ ಸಂಖ್ಯಾಫಲಕವನ್ನು ಇಟ್ಟಿಗೆಯ ಪುಡಿಯಿಂದ ಉಜ್ಜಿದ್ದಾರೆ, ಅದರ ಸುತ್ತ ಪುಡಿಯ ಕೆಂಪು ಇನ್ನೂ ನಿಂತಿದೆ. ಕೈ ತೂರದ ಅಗ್ನಿಕೋಷ್ಠದ ಅಡಿಯಲ್ಲಿ ಮಾತ್ರ ನಾನು ಬಳಿದಂತಹುದೇ ಕೊಳೆ, ಪದರಪದರವಾಗಿ. ಮಾವನವರು ಜೇಬಿನಿಂದ ನನ್ನ ಮಾದರಿಯನ್ನು ತೆಗೆದು, ಸಿಲಿಂಡರಿನ ಮೇಲೆ ನಾನು ಅಷ್ಟು ಜಾಣ್ಮೆಯಿಂದ ಹರಿಸಿದ್ದ ಎಣ್ಣೆಯನ್ನು ಉಗುರಿನಿಂದ ತೋರಿಸಿ, “ಇಷ್ಟು ಸೋರೋಕೆ ಬಿಟ್ಟಿದ್ರೆ ಫೋರ್‌ಮನ್ನು ನನ್ನ ಚರ್ಮ ಸುಲೀತಿದ್ದ ಕಣೋ” ಎಂದರು.

ನಾನು ಬಳಿದದ್ದು ಅರಸೀಕೆರೆಯ ಕೊಳೆಯನ್ನಲ್ಲ, ಬರ್ಮಿಂಗ್‌ಹ್ಯಾಮಿನ ಕೊಳೆಯನ್ನು. ಕೈಬಿಟ್ಟುಹೋದ ಇಂಜಿನುಗಳ ಕೊಳೆಯನ್ನು ಆ ವೃದ್ಧರು ಕಂಡದ್ದು ನಿಜ, ಕಂಡುದನ್ನು ಕಂಡಂತೆ ಮಾಡಿದ್ದೂ ನಿಜ. ಅವರ ಪಾಠದಲ್ಲಿ ದೋಷವಿರಲಿಲ್ಲ. ಕೊಳೆಗೆ ಕಾರಣವಿರಬೇಕೆಂಬ ಅವರ ಮಾತನ್ನು ನಾನು ಮಳೆಗೂ ಧೂಳಿಗೂ ಅನ್ವಯಿಸಿದೆನೇ ಹೊರತು ಮನುಷ್ಯನಿಗೆ ಅನ್ವಯಿಸಲಿಲ್ಲ. ಎಲ್ಲ ಇಂಜಿನುಗಳಿಗೂ ಮಾವನವರಂತಹವರು ಸಿಕ್ಕುತ್ತಿದ್ದರೆಂದು ಹೇಳುವುದಕ್ಕೂ ಬರುವುದಿಲ್ಲ. ಗೊತ್ತಾದ ಡ್ರೈವರಿಲ್ಲದೆ, ದಿನಕ್ಕೊಬ್ಬರ ಕೈಗೆ ಬೀಳುವ ಇಂಜಿನುಗಳು ಅಲ್ಲಿಯೂ ಇದ್ದುವು. ಶೆಡ್ಡಿನ ಮೂಲೆಯಲ್ಲಿದ್ದ ಅಂತಹ ಒಂದನ್ನು ತೋರಿಸಿ, ‘ಅದನ್ನ ಮಾಡಿದ್ದೀಯ ನೀನು’ ಎಂದು ಅವರೇ ಹೇಳಿದರು. ಹಾಗೆ ನೋಡಿದರೆ ನನ್ನ ಕೆಲಸ ಸುಳ್ಳಾಗಿರಲಿಲ್ಲ. ಆದರೆ ನಾನು ಮಾಡಹೊರಟದ್ದು ಅವರ ಇಂಜಿನನ್ನು.

ಬೆಂಗಳೂರಿಗೆ ಹಿಂದಿರುಗಿ ಮಾಡಿದ ತಿದ್ದುಪಡಿಗೆ ಹೊಸ ಬಣ್ಣ ಒಂದು ಹನಿಯೂ ಬೇಕಾಗಲಿಲ್ಲ. ಬೆಂಕಿಕಡ್ಡಿಯ ತುದಿಗೆ ಹತ್ತಿಯನ್ನು ಸುತ್ತಿ, ಟರ್ಪೆಂಟೈನಿನಲ್ಲಿ ತೇವಮಾಡಿ, ಹಿಂಡಿ, ಕಾಗದದ ಮೇಲೊತ್ತಿ ಒಣಗಿಸಿ, ಬಾಯ್ಲರಿನ ಮೇಲೆ ನಿಜದ ಆಳೊಬ್ಬನ ಕೈ ಎಟುಕುವಷ್ಟು ಎತ್ತರದವರೆಗೆ, ಸುತ್ತುಸುತ್ತಾಗಿ ಒರೆಸತೊಡಗಿದೆನು. ಆಳೆಂದರೆ ಈ ಪ್ರಮಾಣದಲ್ಲಿ ಅಂಗುಲದ ಮುಕ್ಕಾಲು ಪಾಲಿಗೆ ಸ್ವಲ್ಪ ಹೆಚ್ಚು. ಅವನ ಒಂದು ಸುತ್ತಿನ ಒರೆತ ನನ್ನ ಕಣ್ಣಿಗೆ ರಾಗಿಯ ಕಾಳಿನಷ್ಟು. ಒಂದು ಸಂಜೆಗೆ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಯವರೆಗೆ ಮಾತ್ರ ಸಾಗುವುದು. ತಪ್ಪಿದರೆ ಕೆಳಗಿನ ಕಪ್ಪೇ ಕರಗಿ ಹಿತ್ತಾಳೆ ಇಣುಕುವುದು. ಅಂತಹ ಎರಡು ಇಣುಕುಗಳು ಎಡಪಕ್ಕದಲ್ಲಿ ಇಂದಿಗೂ ಇವೆ, ಬಲ್ಲವರಿಗೆ ಮಾತ್ರ ಕಾಣುವಂತೆ. ಮೆಟ್ಟಿಲಿನ ನಡುವಂಚಿಗೂ ಹಿಡಿಕಂಬಿಗೂ ಮೆತ್ತನೆಯ ಸೀಸದ ಕಡ್ಡಿಯನ್ನು ಉಜ್ಜಿ ಬೆರಳಿನಿಂದ ತೀಡಿದರೆ ಸವೆದ ಉಕ್ಕಿನ ಬೆಳಕೇ ಬರುತ್ತದೆ. ಆರು ತಿಂಗಳು ಬಳಿದುದರಲ್ಲಿ ಅರ್ಧವನ್ನು ನಾಲ್ಕು ತಿಂಗಳು ಒರೆಸಿದೆನು. ಇಪ್ಪತ್ತನೆಯ ವಯಸ್ಸಿನಲ್ಲಿ ಮಾವನವರು ಸಂಬಳಕ್ಕಾಗಿ ಮಾಡಿದ ಕೆಲಸವನ್ನು ನಾನು ನಲವತ್ತರ ಹತ್ತಿರಕ್ಕೆ ಬಂದು ಚಟಕ್ಕಾಗಿ ಮಾಡಿದೆನೆಂದು ಹೆಂಡತಿ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅರಸೀಕೆರೆಗೆ ಹೋದೆವು. ಶೆಡ್ಡಿನಲ್ಲಿ ಇಂಜಿನುಗಳಿಗೆ ಬಾಳೆಕಂಬ, ಚೆಂಡುಹೂವಿನ ಮಾಲೆ, ಮಾವಿನೆಲೆಯ ತೋರಣ, ಹೊಗೆಪೆಟ್ಟಿಗೆಯ ದುಂಡು ಬಾಗಿಲಿನ ಮೇಲೆ ಅಂಗೈಯಗಲದ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಗಾಲಿಗಳಡಿಯಲ್ಲಿ ನಿಂಬೆಹಣ್ಣು. ಪೂಜೆ ಮುಗಿಸಿ ಮನೆಗೆ ಬಂದ ಮಾವನವರು ಮಾದರಿಯನ್ನು ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಿಡಿಕಂಬಿಯನ್ನು ನೋಡಿದರು, ಮೆಟ್ಟಿಲನ್ನು ನೋಡಿದರು, ಬಾಯ್ಲರಿನ ಗೆರೆಯ ಮೇಲೆ ಉಗುರನ್ನು ಓಡಿಸಿದರು. ಏನೂ ಹೇಳಲಿಲ್ಲ. ದೇವರಮನೆಗೆ ಹೋಗಿ ವಿಭೂತಿಯ ತಟ್ಟೆಯನ್ನು ತಂದು, ಬೆಂಕಿಕಡ್ಡಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಮೊನೆಮಾಡಿ, ನೀರಿನಲ್ಲಿ ಅದ್ದಿ, ಹೊಗೆಪೆಟ್ಟಿಗೆಯ ಬಾಗಿಲಿನ ಮೇಲೆ ಕೂದಲೆಳೆಯಂತಹ ಮೂರು ಗೆರೆಗಳನ್ನು ಎಳೆದರು. ಐವತ್ತಮೂರು ವರ್ಷದ, ಸಲಿಕೆ ಹಿಡಿದ ಆ ಕೈ ಒಂದಿಷ್ಟೂ ನಡುಗಲಿಲ್ಲ.

ಆ ಗೆರೆಗಳನ್ನು ಶಾಶ್ವತಗೊಳಿಸಬೇಕೆಂಬ ಆಸೆ ನನಗೆ ಸಹಜವಾಗಿಯೇ ಹುಟ್ಟಿತು. ಆದರೆ ತಿಳಿಬಣ್ಣದ ಹುಡಿಗಳ ಮೇಲೆ ವಾರ್ನಿಷು ಬಿದ್ದರೆ ಅವು ನೆನೆದು ಪಾರದರ್ಶಕವಾಗಿ ಮಾಯವಾಗುವುದನ್ನು ನಾನು ಅನೇಕ ಬಾರಿ ಕಂಡಿದ್ದೆನು. ತಗಡಿನ ತುಂಡೊಂದಕ್ಕೆ ವಿಭೂತಿ ಹಚ್ಚಿ ಪರೀಕ್ಷಿಸಿದಾಗಲೂ ಹಾಗೆಯೇ ಆಯಿತು. ಬಿಳಿಯ ಎನಾಮಲಿನಿಂದ ಅದರ ಮೇಲೆಯೇ ತೀಡಬಹುದಾಗಿತ್ತು. ಕುಂಚವನ್ನು ತೆಗೆದುಕೊಂಡು, ಹಾಗೆಯೇ ಕೆಳಗಿಟ್ಟೆನು. ಮುಂದಿನ ಮಳೆಗಾಲದ ಹೊತ್ತಿಗೆ ಗೆರೆಗಳು ಉದುರಿಹೋದುವು. ದಸರೆಗೆ ಮಾವನವರು ಮತ್ತೆ ಎಳೆದರು. 1981ರಲ್ಲಿ ನಿವೃತ್ತರಾದ ಮೇಲೂ ಪ್ರತಿ ವರ್ಷ ಎಳೆದರು. ಕೊನೆಯ ಎರಡು ವರ್ಷ ಕೈ ನಡುಗುತ್ತಿದ್ದುದರಿಂದ ನನ್ನ ಕೈ ಹಿಡಿದು ಎಳೆಸಿದರು.

ಈಗ ಅರಸೀಕೆರೆಯಲ್ಲಿ ಮೀಟರ್ ಗೇಜಿನ ಹಳಿಯೂ ಇಲ್ಲ, ಮಾವನವರೂ ಇಲ್ಲ. ಇಂಜಿನು ನನ್ನ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗಿದೆ. ಈ ವರ್ಷ ಬೆಂಕಿಕಡ್ಡಿಯ ಮೊನೆ ಸರಿಯಾಗಲಿಲ್ಲ. ನಡುವಿನ ಗೆರೆ ಸ್ವಲ್ಪ ದಪ್ಪವಾಗಿ, ಎಡಕ್ಕೆ ವಾಲಿದೆ.